ನ್ಯೂ ಲಾನಾರ್ಕ್: ನದಿಯಿಂದ ಓದಬೇಕಾದ ಊರು

ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಸ್ಕಾಟ್ಲೆಂಡಿನ ಹತ್ತಿ ಗಿರಣಿಗಳ ಈ ಊರು ಬಂದರೆ, ಗಿರಣಿ ನಡೆಸಿದ ಸುಧಾರಕ 'ರಾಬರ್ಟ್ ಓವನ್' ಎಂದು ಗುರುತು ಹಾಕಿಕೊಂಡು ಮುಂದೆ ಹೋಗುವುದು ವಾಡಿಕೆ. ನಾನೂ ಹಾಗೇ ಓದಿದ್ದೆ. ಒಮ್ಮೆ ನಕಾಶೆ ಬಿಡಿಸಲು ಕೂತ ಮೇಲೆ, ಕ್ಲೈಡ್ ನದಿಯಿಂದ ಶುರು ಮಾಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ ಅನ್ನಿಸಿತು.

ಗ್ಲಾಸ್ಗೋದಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಕ್ಲೈಡ್ ನದಿ ಕಡಿದಾದ ಕಮರಿಗೆ ಇಳಿಯುತ್ತದೆ. ಮೊದಲು ಬಾನಿಂಗ್ಟನ್ ಲಿನ್, ಆಮೇಲೆ ಎಲ್ಲಕ್ಕಿಂತ ದೊಡ್ಡದಾದ ಕೋರಾ ಲಿನ್, ಊರಿನ ಪಕ್ಕದಲ್ಲೇ ಚಿಕ್ಕದಾದ ಡಂಡಾಫ್ ಲಿನ್. 'ಲಿನ್' ಎಂದರೆ ಸ್ಕಾಟರ ಮಾತಿನಲ್ಲಿ ಜಲಪಾತ. ಹಳೆಯ ಪಟ್ಟಣ ಲಾನಾರ್ಕ್ ಮೇಲಿನ ದಿಣ್ಣೆಯಲ್ಲಿದೆ. ಕೆಳಗೆ ನೀರಿನ ಬಳಿ ಹುಟ್ಟಿದ್ದರಿಂದ ಇದು ನ್ಯೂ ಲಾನಾರ್ಕ್.

ನೀರಿನ ಬಲದಿಂದ ನೂಲುವ ಯಂತ್ರಕ್ಕೆ ಹೆಸರಾದ ರಿಚರ್ಡ್ ಆರ್ಕ್‌ರೈಟ್ ಜೊತೆ ಸೇರಿ ಗ್ಲಾಸ್ಗೋದ ವ್ಯಾಪಾರಿ ಡೇವಿಡ್ ಡೇಲ್ ಈ ಜಾಗ ಆರಿಸಿದ. 1786ರಲ್ಲಿ ನೂಲುವ ಕೆಲಸ ಆರಂಭವಾಯಿತು. ಆರ್ಕ್‌ರೈಟ್ ಬೇಗನೆ ಪಾಲುದಾರಿಕೆ ಬಿಟ್ಟ. ಬಂಡೆ ಕೊರೆದು ಸುರಂಗ ಮಾಡಿ, ನಾಲೆಯಲ್ಲಿ ನೀರು ತಂದು ಗಿರಣಿಗಳ ಜಲಚಕ್ರ ತಿರುಗಿಸಿದರು. ಗಿರಣಿಗಳು ನದಿಗುಂಟ ಸಾಲಾಗಿ ನಿಂತಿರುವುದಕ್ಕೆ ಆ ನಾಲೆಯೇ ಕಾರಣ. ಕಮರಿಯಲ್ಲಿ ಸಮತಟ್ಟು ನೆಲ ಕಡಿಮೆ, ಹಾಗಾಗಿ ಕೂಲಿಕಾರರ ಮನೆಗಳು ಹರಡಿಕೊಳ್ಳದೆ ಮಹಡಿಯ ಮೇಲೆ ಮಹಡಿಯಾಗಿ ಎದ್ದವು. ಇನ್ನೊಂದು ಮಾತು ನೆನಪಿರಲಿ: ಇದು ಮುಖ್ಯವಾಗಿ ನೂಲು ತೆಗೆಯುವ ಊರು. ಮಗ್ಗದ ಊರೆಂದು ಬರೆದರೆ ತಪ್ಪಾಗುತ್ತದೆ.

ಕಾಡು ಕಮರಿಗೆ ಕೆಲಸಗಾರರು ಎಲ್ಲಿಂದ ಬಂದರು? ಬಡತನದಿಂದ ಊರು ಬಿಟ್ಟ ಹೈಲ್ಯಾಂಡ್ಸ್‌ನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ, ಕುಟುಂಬಗಳು ಬಂದವು. ಉತ್ತರ ತುದಿಯ ಕೇತ್ನೆಸ್ ಪ್ರಾಂತ್ಯದ ಹೆಸರು ಹೊತ್ತ 'ಕೇತ್ನೆಸ್ ರೋ' ಎಂಬ ಮನೆಸಾಲು ಅವರ ಗುರುತು. ಜೊತೆಗೆ ನಗರಗಳ ಅನಾಥ ಮಕ್ಕಳು, ನೂರಾರು ಸಂಖ್ಯೆಯಲ್ಲಿ. ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ದುಡಿಮೆ, ಆಮೇಲೆ ಶಾಲೆ. ಆ ಕಾಲಕ್ಕೆ ಡೇಲ್ ದಯಾಳು ಎನಿಸಿಕೊಂಡಿದ್ದ. ಹದಿಮೂರು ತಾಸಿನ ದಿನ ಮುಗಿಸಿ ಪಾಟಿ ಹಿಡಿಯುವ ಮಗುವನ್ನು ನೆನೆದರೆ ನನಗೆ ಆ ಮಾತು ಒಪ್ಪಲಾಗುವುದಿಲ್ಲ.

1800ರಲ್ಲಿ ಆಡಳಿತ ಡೇಲ್‌ನ ಅಳಿಯ ರಾಬರ್ಟ್ ಓವನ್ ಕೈಗೆ ಬಂತು. ಕೂಲಿಕಾರರು ಮೊದಲು ಅವನನ್ನು ನಂಬಲಿಲ್ಲ. ಅಮೆರಿಕ ಸರಕು ಸಾಗಣೆ ತಡೆದು ಹತ್ತಿ ತುಟ್ಟಿಯಾಗಿ ಗಿರಣಿ ನಾಲ್ಕು ತಿಂಗಳು ನಿಂತಾಗಲೂ ಅವನು ಪೂರ್ತಿ ಕೂಲಿ ಕೊಟ್ಟ. ಆಗ ಮನಸ್ಸು ತಿರುಗಿತು. ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸುವುದನ್ನು ನಿಲ್ಲಿಸಿದ. ಒಳ್ಳೆಯ ದಿನಸಿಯನ್ನು ಸಗಟಾಗಿ ತಂದು ಕಡಿಮೆ ಬೆಲೆಗೆ ಮಾರುವ ಅಂಗಡಿ ನಡೆಸಿ, ಅದರ ಲಾಭವನ್ನು ಶಾಲೆಗೆ ಹಾಕಿದ. ಸಹಕಾರ ಚಳವಳಿಯ ಬೇರು ಹುಡುಕುವವರು ಈ ಅಂಗಡಿಯ ಬಾಗಿಲಿಗೂ ಬರುತ್ತಾರೆ. 1816ರಲ್ಲಿ ಪುಟ್ಟ ಮಕ್ಕಳ ಶಾಲೆ ಶುರುವಾಯಿತು. ಅಲ್ಲಿ ಹೊಡೆಯುವಂತಿಲ್ಲ. ಹಾಡು, ಕುಣಿತ, ಗೋಡೆಯ ಮೇಲೆ ದೊಡ್ಡ ನಕಾಶೆಗಳು.

ಆದರೆ ಯಂತ್ರದ ಪಕ್ಕದಲ್ಲಿ 'ಮೌನ ಮೇಲ್ವಿಚಾರಕ' ಎಂಬ, ನಾಲ್ಕು ಮುಖಕ್ಕೆ ನಾಲ್ಕು ಬಣ್ಣ ಬಳಿದ ಮರದ ತುಂಡೂ ತೂಗುತ್ತಿತ್ತು. ಕೆಲಸಗಾರರ ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಕಪ್ಪು ಮುಖ ಮುಂದೆ, ಸಾಧಾರಣಕ್ಕೆ ನೀಲಿ, ಒಳ್ಳೆಯದಕ್ಕೆ ಹಳದಿ, ಅತ್ಯುತ್ತಮಕ್ಕೆ ಬಿಳಿ. ಪ್ರೀತಿಯೂ ಕಣ್ಗಾವಲೂ ಒಟ್ಟಿಗಿದ್ದವು, ಪರೀಕ್ಷೆಯ ಉತ್ತರದಲ್ಲಿ ಎರಡನ್ನೂ ಬರೆಯಿರಿ. ಅಟ್ಲಾಂಟಿಕ್ ದಾಟಿ ಬರುತ್ತಿದ್ದ ಹತ್ತಿಯನ್ನು ಗುಲಾಮರು ಬಿಡಿಸುತ್ತಿದ್ದರು ಎಂಬುದನ್ನೂ ಬಿಡಬೇಡಿ.

ಗಿರಣಿ 1968ರಲ್ಲಿ ಮುಚ್ಚಿತು. 2001ರಲ್ಲಿ ಊರು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಂದನೇ ಗಿರಣಿ ಈಗ ಹೋಟೆಲು. ಮೂರನೆಯದರಲ್ಲಿ ಟರ್ಬೈನ್ ಇದೆ, ಅದೇ ನದಿಯ ನೀರಿನಿಂದ ವಿದ್ಯುತ್ ತೆಗೆಯುತ್ತದೆ.