ಒಂಬತ್ತು ವರ್ಷದ ಮಗುವಿಗೆ ಸುಳ್ಳು ಸುದ್ದಿ ಗುರುತಿಸೋದು ಕಲಿಸಬಹುದಾ?

ಪ್ರಶ್ನೆ: ನಾವು ಮುಂಬಯಿ ಪಕ್ಕದ ಠಾಣೆ ಊರಿನಲ್ಲಿರುವುದು. ಮಗಳು ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಗೋಡೆ ಪತ್ರಿಕೆ ಶುರುವಾಗಿದೆ, ಆದರೆ ಅವಳು ವಾಟ್ಸಾಪಿನಲ್ಲಿ ಬಂದದ್ದೆಲ್ಲ ನಿಜ ಅಂತಾಳೆ. ಸತ್ಯ-ಸುಳ್ಳು ಪರೀಕ್ಷೆ ಮಾಡೋದನ್ನ ಈಗಲೇ ಕಲಿಸಿದರೆ ಜಾಸ್ತಿ ಆಯ್ತಾ?

ಉತ್ತರ: ಜಾಸ್ತಿ ಏನಿಲ್ಲ. ಫಿನ್‌ಲ್ಯಾಂಡಿನಲ್ಲಿ ಶಿಶುವಿಹಾರದಿಂದಲೇ ಶುರು ಮಾಡುತ್ತಾರೆ. ಕೇರಳದವರು 2024ರಲ್ಲಿ ಐದು ಮತ್ತು ಏಳನೇ ತರಗತಿಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪುಸ್ತಕದಲ್ಲೇ ಸುಳ್ಳು ಸುದ್ದಿಯ ಪಾಠ ಸೇರಿಸಿದರು. ಆದರೆ "ಏನನ್ನೂ ನಂಬಬೇಡ" ಅಂತ ಮಾತ್ರ ಶುರು ಮಾಡಬೇಡಿ. ಹಾಗಂದರೆ ಮಗು ಪತ್ರಿಕೆಯನ್ನೂ ನಂಬುವುದಿಲ್ಲ, ಟೀಚರನ್ನೂ ನಂಬುವುದಿಲ್ಲ, ಕೊನೆಗೆ ಯಾರು ಜೋರಾಗಿ ಹೇಳುತ್ತಾರೋ ಅವರ ಮಾತಿಗೆ ತಲೆಯಾಡಿಸುತ್ತದೆ. ಮೊದಲು ಅವಳ ಕೈಯಿಂದಲೇ ಒಂದು ಸುದ್ದಿ ಬರೆಸಿ.

ನಾನು ಡೊಂಬಿವಲಿಯಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ, ಅಲ್ಲೂ ಒಂದು ಗೋಡೆ ಪತ್ರಿಕೆ ಇದೆ. ಒಬ್ಬ ಹುಡುಗ "ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ವಡಾಪಾವ್ ಅಂದರೆ ಪ್ರಾಣ" ಅಂತ ಬರೆದು ತಂದ. ಎಷ್ಟು ಜನರನ್ನ ಕೇಳಿದೆ ಅಂದೆ. ಮೂರು. ಮೂವರೂ ಅವನ ಬೆಂಚಿನವರೇ! ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು "ಎಲ್ಲರಿಗೂ" ಅನ್ನೋದನ್ನ ಹೊಡೆದುಹಾಕಿ "ನಾನು ಕೇಳಿದ ಮೂವರಿಗೂ" ಅಂತ ಮಾಡಿದ. ಪಕ್ಕದ ಹುಡುಗಿ ಅಷ್ಟಕ್ಕೂ ಬಿಡಲಿಲ್ಲ. "ಪ್ರಾಣ ಅಂತ ಅವರು ಹೇಳಿದ್ರಾ, ನೀನೇ ಸೇರಿಸಿದ್ದಾ?" ಅಂದಳು. ಅದೂ ಹೋಯಿತು. ಸುದ್ದಿ ಸಪ್ಪೆ ಆಯಿತು ಅಂತ ಅವನಿಗೆ ಬೇಜಾರು, ಆದರೆ ಸುದ್ದಿಗೆ ಮಸಾಲೆ ಎಲ್ಲಿ ಬೀಳುತ್ತದೆ ಅನ್ನೋದು ಇಡೀ ಕ್ಲಾಸಿಗೆ ಗೊತ್ತಾಯಿತು.

ಇನ್ನು ವಾಟ್ಸಾಪು. ನಮ್ಮ ಕಡೆ ಮಕ್ಕಳು ಬಾಯಿಬಿಟ್ಟು ಕಾಯುವ ಸುದ್ದಿ ಯಾವುದು ಹೇಳಿ? "ನಾಳೆ ಶಾಲೆಗೆ ರಜೆ." ಜುಲೈನಲ್ಲಿ ಜೋರು ಮಳೆ ಬಂದ ರಾತ್ರಿ ಆ ಮೆಸೇಜು ಬಂದಾಗ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಾರೀಕು ಇದೆಯಾ, ಅಥವಾ ಹೋದ ವರ್ಷದ "ನಾಳೆ"ಯಾ? ಆದೇಶ ಯಾರದ್ದು? ಬಿಎಂಸಿ ರಜೆ ಕೊಟ್ಟರೆ ಅದು ಮುಂಬಯಿಗೆ, ನಿಮ್ಮ ಠಾಣೆಗೆ ಬೇರೆ ಪಾಲಿಕೆ ಇದೆಯಲ್ಲ. ಪಾಲಿಕೆಯ ಸ್ವಂತ ಖಾತೆಯಲ್ಲಿ ಅದನ್ನ ಹಾಕಿದ್ದಾರಾ? ಅವಳೇ ಹುಡುಕಲಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ತುಂಬಾ ಕೈ ದಾಟಿ ಬಂದಿದೆ ಅಂತ ಅಷ್ಟೇ, ನಿಜ ಅಂತಲೂ ಅಲ್ಲ, ಸುಳ್ಳು ಅಂತಲೂ ಅಲ್ಲ.

ಫೋಟೊದ ಕಥೆ ಬೇರೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದಿತ್ತು. ಅಂಥ ಹಳೆಯ ನೆರೆಯ ಫೋಟೊಗಳು ಮಳೆಗಾಲ ಬಂದರೆ "ಈಗಷ್ಟೇ ಬಂದದ್ದು" ಅಂತ ಮತ್ತೆ ಓಡಾಡುತ್ತವೆ. ಫೋಟೊ ನಿಜ, ಕೆಳಗೆ ಬರೆದದ್ದು ಸುಳ್ಳು. ಇದು ಮಕ್ಕಳಿಗೆ ತಕ್ಷಣ ಹೊಳೆಯುವುದಿಲ್ಲ, ಫೋಟೊ ಕೊಟ್ಟು ಹುಡುಕುವ ಗೂಗಲ್ ಲೆನ್ಸಿನಲ್ಲಿ ಹಾಕಿ ಹಳೆಯ ತಾರೀಕು ತೋರಿಸಿದರೆ ಕಣ್ಣರಳಿಸುತ್ತಾರೆ.

ಪೇಪರಿನಲ್ಲಿ ಜಾಹೀರಾತು ಯಾವುದು, ಸುದ್ದಿ ಯಾವುದು ಅನ್ನೋದನ್ನೂ ಕೇಳಿ. 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಮಾಡಿದ ಅಧ್ಯಯನದಲ್ಲಿ, ನಿಮ್ಮ ಮಗಳಿಗಿಂತ ಎರಡರಿಂದ ನಾಲ್ಕು ಕ್ಲಾಸು ಮುಂದಿರುವ ಮಕ್ಕಳಲ್ಲಿ ಶೇ. 80ಕ್ಕಿಂತ ಜಾಸ್ತಿ ಜನ ಪ್ರಾಯೋಜಿತ (ದುಡ್ಡು ಕೊಟ್ಟು ಹಾಕಿಸಿದ) ಬರಹವನ್ನೇ ಸುದ್ದಿ ಅಂದುಕೊಂಡಿದ್ದರು, ಪ್ರಾಯೋಜಿತ ಅಂತ ಅಲ್ಲೇ ಬರೆದಿದ್ದರೂ.

ಮುಂಬಯಿ ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಓದುವ ಮಗು ಒಂದೇ ಮಳೆಯ ಸುದ್ದಿಯನ್ನ ಮುಂಬಯಿಯ ಕನ್ನಡ ಪತ್ರಿಕೆ ಕರ್ನಾಟಕ ಮಲ್ಲದಲ್ಲೂ ಮರಾಠಿಯ ಲೋಕಸತ್ತಾದಲ್ಲೂ ನೋಡಬಹುದು. ತಲೆಬರಹ ಬೇರೆ ಯಾಕೆ, ಯಾರ ಮಾತು ಇಲ್ಲಿದೆ, ಅಲ್ಲಿಲ್ಲ? ಇದನ್ನ ವಾರಕ್ಕೊಮ್ಮೆ ಮಾಡಿದರೂ ಸಾಕು.

ಒಂದು ಎಚ್ಚರಿಕೆ. ಇಷ್ಟು ಕಲಿತ ಮಗು ಮೊದಲು ತಿದ್ದುವುದು ಊರಲ್ಲಿರುವ ಅಜ್ಜನ ಫಾರ್ವರ್ಡನ್ನೇ. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೆದುರು "ಇದು ಸುಳ್ಳು" ಅಂತ ಹಾಕಿದರೆ ಅವರಿಗೂ ಮುಜುಗರ, ನಿಮಗೂ. ಫೋನ್ ಮಾಡಿ "ಅಜ್ಜಾ, ಇದನ್ನ ನಿಮಗೆ ಯಾರು ಕಳಿಸಿದ್ದು?" ಅಂತ ಅವಳೇ ಕೇಳಲಿ.