ಅಧ್ಯಾಪಕರ ಕೆಲಸದ ಒತ್ತಡ: ಆ 3/7 ಎಲ್ಲಿಂದ ಬಂತು?

ಯೂನಿವರ್ಸಿಟಿ ಅಧ್ಯಾಪಕರ ಒತ್ತಡದ ಚಾಪ್ಟರ್‌ನಲ್ಲಿ ಶ್ರಮ ಮತ್ತು ಪ್ರತಿಫಲದ ಅನುಪಾತ ಲೆಕ್ಕ ಹಾಕೋ ಸೂತ್ರದಲ್ಲಿ 3/7 ಅಂತ ಬರುತ್ತೆ, ಅದು ಯಾಕೆ ಅಂತ ತಿಳೀದೆ ಎರಡು ದಿನ ಒಂದೇ ಪುಟಕ್ಕೆ ಸಿಕ್ಕಾಕ್ಕೊಂಡಿದ್ದೆ, ಈಗ ಬಿಡಿಸ್ಕೊಂಡಿದೀನಿ, ಮರೆಯೋ ಮುಂಚೆ ಬರೆದಿಡ್ತೀನಿ.

ಕರಾಸೆಕ್ ಮಾಡೆಲ್ (1979) ಈಸಿ. ಕೆಲಸದ ಹೊರೆ ಜಾಸ್ತಿ, ಅದರ ಮೇಲೆ ಹಿಡಿತ ಕಮ್ಮಿ ಇದ್ರೆ ಒತ್ತಡ. ಆದ್ರೆ ಅಧ್ಯಾಪಕರಿಗೆ ಹಿಡಿತ ಇದೆಯಲ್ಲ, ಯಾವ ವಿಷಯದಲ್ಲಿ ರಿಸರ್ಚ್ ಮಾಡ್ಬೇಕು, ಹೇಗೆ ಪಾಠ ಮಾಡ್ಬೇಕು ಅಂತ ಸುಮಾರು ಮಟ್ಟಿಗೆ ಅವರೇ ತೀರ್ಮಾನಿಸ್ತಾರೆ, ಮತ್ಯಾಕೆ ಬಳಲ್ತಾರೆ? ಇದಕ್ಕೆ ಸೀಗ್ರಿಸ್ಟ್ 1996ರಲ್ಲಿ ಕೊಟ್ಟ ಶ್ರಮ-ಪ್ರತಿಫಲ ಮಾಡೆಲ್ ಚೆನ್ನಾಗಿ ಹೊಂದುತ್ತೆ: ಹಾಕೋ ಶ್ರಮ ಜಾಸ್ತಿ, ಸಿಗೋ ಪ್ರತಿಫಲ ಕಮ್ಮಿ ಅಂತ ಅಸಮತೋಲನ ಆದ್ರೆ ಒತ್ತಡ. ಪ್ರತಿಫಲ ಅಂದ್ರೆ ಬರೀ ಸಂಬಳ ಅಲ್ಲ, ಗೌರವ, ಬಡ್ತಿ, ಕೆಲಸದ ಭದ್ರತೆನೂ ಸೇರುತ್ತೆ. ಕಾಂಟ್ರಾಕ್ಟ್ ಮೇಲಿರೋ ಒಬ್ರು ರಾತ್ರಿಯೆಲ್ಲ ಕೂತು ಉತ್ತರಪತ್ರಿಕೆ ತಿದ್ತಿದಾರೆ, ಮುಂದಿನ ಸೆಮಿಸ್ಟರ್‌ಗೆ ಕರೀತಾರೋ ಇಲ್ವೋ ಅವರಿಗೇ ಗೊತ್ತಿಲ್ಲ, ಇದೇ ಆ ಅಸಮತೋಲನ.

ನಾನು ಎಡವಿದ್ದು ಲೆಕ್ಕದಲ್ಲಿ. ಈ ಅಸಮತೋಲನ ಅಳೆಯೋಕೆ ಸೀಗ್ರಿಸ್ಟ್ ಮಾಡೆಲ್‌ನ ಪ್ರಶ್ನಾವಳಿ ಇದೆ, ಅದರ ಚಿಕ್ಕ ರೂಪದಲ್ಲಿ ಶ್ರಮಕ್ಕೆ 3 ಪ್ರಶ್ನೆ, ಪ್ರತಿಫಲಕ್ಕೆ 7, ಒಂದೊಂದಕ್ಕೂ 1ರಿಂದ 4 ಅಂಕ. ಶ್ರಮವನ್ನ ಪ್ರತಿಫಲದಿಂದ ಭಾಗಿಸಿದಾಗ 1 ಬಂದ್ರೆ ಎರಡೂ ಸಮ, 1 ದಾಟಿದ್ರೆ ಶ್ರಮವೇ ಜಾಸ್ತಿ. ನಮ್ಮ ಕಾಂಟ್ರಾಕ್ಟ್ ಅಧ್ಯಾಪಕರಿಗೆ ಶ್ರಮ 11, ಪ್ರತಿಫಲ 14 ಬಂತು ಅಂದ್ಕೊಳ್ಳಿ. ನಾನು ನೇರವಾಗಿ 11ನ್ನ 14ರಿಂದ ಭಾಗಿಸ್ದೆ, 0.79 ಬಂತು, 1ಕ್ಕಿಂತ ಕಮ್ಮಿ, ಅಂದ್ರೆ ಆರಾಮಾಗಿದಾರೆ! ಇದು ತಪ್ಪು. ಶ್ರಮ ಎಷ್ಟೇ ಏರಿದ್ರೂ 12 ದಾಟಲ್ಲ, ಪ್ರತಿಫಲ 28ರವರೆಗೂ ಹೋಗುತ್ತೆ, ಎರಡೂ ಒಂದೇ ಅಳತೆಪಟ್ಟಿ ಅಲ್ವೇ ಅಲ್ಲ. ಅದಕ್ಕೇ ಪ್ರತಿಫಲವನ್ನ 3/7ರಿಂದ ಗುಣಿಸ್ಬೇಕು: 14 × 3/7 = 6, ಆಮೇಲೆ 11 ÷ 6 = 1.83. ಶ್ರಮದ ತಕ್ಕಡಿ ಎಷ್ಟು ತೂಗ್ತಿದೆ ನೋಡಿ.

ಸೂತ್ರ ನೆನಪಿಲ್ದಿದ್ರೆ ಹೀಗ್ಮಾಡಿ, ಪ್ರಶ್ನೆಗೆ ಸರಾಸರಿ ಎಷ್ಟು ಅಂತ ತೆಗೀರಿ. 11/3 = 3.67, 14/7 = 2, ಭಾಗಿಸಿದ್ರೆ ಅದೇ 1.83. ಈ ದಾರಿ ಸಿಕ್ಕ ಮೇಲೇನೇ 3/7 ಅನ್ನೋದು ಬರೀ ಪ್ರಶ್ನೆಗಳ ಸಂಖ್ಯೆಯ ಅನುಪಾತ ಅಂತ ನಂಗೆ ಹೊಳೆದಿದ್ದು. ಹಾಂ, ಕೂಡೋಕ್ ಮುಂಚೆ "ಬಡ್ತಿಗೆ ಅವಕಾಶ ಕಮ್ಮಿ" ಅನ್ನೋ ಥರದ ಉಲ್ಟಾ ವಾಕ್ಯಗಳ ಅಂಕವನ್ನ 5ರಿಂದ ಕಳೀರಿ, 4 ಇದ್ರೆ 1 ಆಗುತ್ತೆ.

ಮಲಗಿದ್ರೂ ಕೆಲಸ ತಲೇಲಿ ಸುತ್ತೋದನ್ನ ಅಳೆಯೋಕೆ ಅದೇ ಪ್ರಶ್ನಾವಳಿಯಲ್ಲಿ ಬೇರೆ 6 ಪ್ರಶ್ನೆ ಇವೆ, ಅವನ್ನ ಶ್ರಮಕ್ಕೆ ಸೇರಿಸ್ಬೇಡಿ.

ಅನುಪಾತ 1 ದಾಟಿದ ತಕ್ಷಣ ಬರ್ನೌಟ್ ಅಂತಾನೂ ಬರೀಬೇಡಿ. 2022ರಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ) ಬರ್ನೌಟ್‌ಗೆ ಮೂರು ಲಕ್ಷಣ ಹೇಳಿದಾರೆ: ಬಳಲಿಕೆ, ಕೆಲಸದಿಂದ ಮನಸ್ಸು ದೂರ ಆಗೋದು, ಕೆಲಸ ಕೈಗೂಡ್ತಿಲ್ಲ ಅನ್ಸೋದು. ಅದನ್ನ ಕಾಯಿಲೆ ಅಂತ ಅಲ್ಲಿ ಸೇರ್ಸಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ವಿದ್ಯಮಾನ ಅಂತಷ್ಟೇ ಇದೆ.