ಹತ್ತು ಬೀಜ, ಆರು ಬೀಜ

"ನಮ್ಮ ಒಬ್ಬೊಬ್ಬ ವೀರ ನೂರು ಮಂದಿಗೆ ಸಮ" ಅನ್ನುವ ಮೆಸೇಜು ವಾರಕ್ಕೊಂದಾದರೂ ನನ್ನ ಮೊಬೈಲಿಗೆ ಬರುತ್ತದೆ. ಕೋಟೆ ಬದಲಾಗುತ್ತದೆ, ವೀರ ಬದಲಾಗುತ್ತಾನೆ, ನೂರು ಮಾತ್ರ ಅದೇ. ಆ ನೂರು ಮಂದಿ ಒಬ್ಬೊಬ್ಬರಾಗಿ ಬಂದರೋ ಒಟ್ಟಿಗೆ ಮುಗಿಬಿದ್ದರೋ, ಅದನ್ನು ಯಾರೂ ಹೇಳುವುದಿಲ್ಲ. ಇಡೀ ಲೆಕ್ಕ ಇರುವುದೇ ಅಲ್ಲಿ.

ಕಳೆದ ರಜೆಯಲ್ಲಿ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕನ ಮಗನ ಜೊತೆ ಯುದ್ಧ ಹೂಡಿದ್ದೆ. ನನ್ನ ಕಡೆ ಹತ್ತು ಹುಣಸೆ ಬೀಜ, ಅವನ ಕಡೆ ಆರು. ಪ್ರತಿ ಸುತ್ತಿನಲ್ಲೂ ಬೀಜ ಎಷ್ಟಿವೆಯೋ ಅಷ್ಟು ಸಲ ಲೂಡೋ ದಾಳ ಉರುಳಿಸಬೇಕು. ಆರು ಬಿದ್ದರೆ ಎದುರಿನ ಒಂದು ಬೀಜ ಔಟ್. ಐದಾಟವೂ ನಾನೇ ಗೆದ್ದೆ. ಕೊನೆಗೆ ನನ್ನಲ್ಲಿ ಉಳಿದದ್ದು 8, 9, 6, 8, 7. "ಹತ್ತರಾಗ ಆರು ಕಳದ್ರ ನಾಕ್ ಉಳೀಬೇಕಲ್ಲ ಮಾಮಾ?" ಅಂದ.

ಇಲ್ಲ, ಎಂಟು ಉಳಿಯಬೇಕು. ಹತ್ತು ಹತ್ತಲೆ ನೂರು, ಆರಾರಲೆ ಮೂವತ್ತಾರು, ಕಳೆದರೆ ಅರವತ್ನಾಲ್ಕು, ಅಂದರೆ ಎಂಟೆಂಟಲೆ. ಎಲ್ಲರೂ ಒಟ್ಟಿಗೆ ಹೊಡೆದಾಡುವ ಯುದ್ಧದ ಈ ಸೂತ್ರವನ್ನು 1914ರಲ್ಲಿ ಬರೆದವನು ಫ್ರೆಡರಿಕ್ ಲ್ಯಾಂಚೆಸ್ಟರ್, ಇಂಗ್ಲೆಂಡಿನಲ್ಲಿ ಕಾರು ಕಟ್ಟಿದ ಇಂಜಿನಿಯರ್. ಮರುವರ್ಷ ರಷ್ಯಾದ ಒಸಿಪೋವ್ ತನ್ನಷ್ಟಕ್ಕೆ ತಾನೇ ಅದೇ ಸೂತ್ರ ಕಂಡುಕೊಂಡ.

ಸಂಖ್ಯೆಯನ್ನು ಅದರಿಂದಲೇ ಗುಣಿಸುವ ಈ ವರ್ಗ ಯಾಕೆ ಬಂತು? ಒಬ್ಬ ಹೆಚ್ಚಾದರೆ ಹೊಡೆಯಲು ಒಂದು ಕೈ ಜಾಸ್ತಿ, ಬೀಳುವ ಹೊಡೆತ ಹಂಚಿಕೊಳ್ಳಲು ಒಂದು ಮೈ ಜಾಸ್ತಿ. ಒಬ್ಬನಿಂದ ಎರಡು ಲಾಭ. ಮಾವಿನ ಮರಕ್ಕೆ ಹುಡುಗರು ಸುತ್ತಲೂ ನಿಂತು ಕಲ್ಲೆಸೆಯುವುದನ್ನು ನೆನೆಯಿರಿ, ಎಲ್ಲರ ಗುರಿಯೂ ಒಂದೇ ಕೊಂಬೆ. ಅಥವಾ ಚಕ್ರಬಡ್ಡಿ ಅನ್ನಿ: ಇವತ್ತು ಒಬ್ಬ ಬಿದ್ದರೆ ನಾಳೆ ಹೊಡೆಯುವವನು ಒಬ್ಬ ಕಡಿಮೆ, ಹಾಗಾಗಿ ನಾಡಿದ್ದು ನಮ್ಮವರು ಇನ್ನೂ ಜಾಸ್ತಿ ಬೀಳುತ್ತಾರೆ. ಕುಸ್ತಿಯಲ್ಲಿ ಹೀಗಾಗುವುದಿಲ್ಲ, ಅಲ್ವಾ? ಅಖಾಡದ ಹೊರಗೆ ನೂರು ಪೈಲ್ವಾನರು ತೊಡೆ ತಟ್ಟಿದರೂ ಒಳಗೆ ಹಿಡಿಯುವವನು ಒಬ್ಬನೇ.

ಆಮೇಲೆ ಎರಡು ಪುಸ್ತಕ ನಿಲ್ಲಿಸಿ, ನಡುವೆ ಒಂದೇ ಬೀಜ ತೂರುವಷ್ಟು ಬಾಗಿಲು ಮಾಡಿದೆವು. ಒಂದಕ್ಕೊಂದು ಜಗಳ, ನಾಣ್ಯ ಚಿಮ್ಮಿ ತೀರ್ಪು. ಈಗ ನನಗೆ ಉಳಿದದ್ದು 4, 3, 5. ಒಂದಾಟ ಸೋತೇ ಬಿಟ್ಟೆ. ಬಯಲಿನಲ್ಲಿ ಹತ್ತು ಪಟ್ಟು ಮಂದಿಯನ್ನು ಸರಿಗಟ್ಟಲು ಒಬ್ಬೊಬ್ಬನೂ ನೂರು ಪಟ್ಟು ಗಟ್ಟಿಗನಿರಬೇಕು. ಬಾಗಿಲಲ್ಲಿ ಹತ್ತು ಪಟ್ಟು ಸಾಕು. ನಮ್ಮೂರ ಕೋಟೆಯನ್ನೇ ನೋಡಿ. ಪರಶುರಾಮಭಾವು ಪಟವರ್ಧನನ ಮರಾಠಾ ಪಡೆ ಮುಂಬಯಿಯ ಇಂಗ್ಲಿಷ್ ತುಕಡಿಯನ್ನೂ ಕಟ್ಟಿಕೊಂಡು 1790ರ ಸೆಪ್ಟೆಂಬರಿನಲ್ಲಿ ಮುತ್ತಿಗೆ ಹಾಕಿತು. ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಕೋಟೆ ಬಿಟ್ಟುಕೊಟ್ಟದ್ದು 1791ರ ಏಪ್ರಿಲ್‌ನಲ್ಲಿ. ಮುತ್ತಿಗೆಗೆ ಈ ಸೂತ್ರ ಸುಮ್ನೆ ಹಚ್ಚಲಾಗದು, ಅಲ್ಲಿ ಹಸಿವು, ಮದ್ದು, ಫಿರಂಗಿ ಎಲ್ಲ ಸೇರುತ್ತವೆ. ಆದರೂ ಒಟ್ಟಿಗೆ ಮುಗಿಬೀಳದಂತೆ ತಡೆಯುವುದೇ ಗೋಡೆಯ ಕೆಲಸ.

ನಿಜವಾದ ಯುದ್ಧಕ್ಕೆ ಇದು ಹೊಂದುತ್ತದೆಯೇ? 1954ರಲ್ಲಿ ಎಂಗೆಲ್ ಎಂಬಾತ ಐವೊ ಜಿಮಾದ ಲೆಕ್ಕ ತೆಗೆದ. 1945ರಲ್ಲಿ ಆ ದ್ವೀಪದಲ್ಲಿ ಸುಮಾರು 21,500 ಜಪಾನಿಗಳಿದ್ದರು, ಬಂದಿಳಿದ ಅಮೆರಿಕನ್ನರು ಸುಮಾರು 73,000. ಅಮೆರಿಕನ್ನರ ದಿನದಿನದ ಸಾವು ನೋವಿನ ದಾಖಲೆಯ ಮೇಲೆ ಸೂತ್ರದ ಗೆರೆ ಚೆನ್ನಾಗಿ ಕೂತಿತು. ಸುರಂಗಗಳಲ್ಲಿ ಅಡಗಿ ಹೊಡೆದ ಒಬ್ಬ ಜಪಾನಿ ಸುಮಾರು ಐದು ಅಮೆರಿಕನ್ನರಿಗೆ ಸಮ ಎಂದು ಬಂತು. ಹಾಗಿದ್ದೂ ಸೋತರು, ಯಾಕೆಂದರೆ ಐದು ಪಟ್ಟು ಗಟ್ಟಿತನವನ್ನು ಸರಿದೂಗಿಸಲು ಎರಡೂಕಾಲು ಪಟ್ಟು ಮಂದಿ ಸಾಕು. ಆದರೆ ಆ 'ಐದು' ಯುದ್ಧ ಮುಗಿದ ಮೇಲೆ ಲೆಕ್ಕದಿಂದಲೇ ಹೆಕ್ಕಿದ್ದು. ಮುಂಚೆಯೇ ಗೊತ್ತಿದ್ದ ಭವಿಷ್ಯವೇನಲ್ಲ.

ಇನ್ನೊಂದು ತೊಡಕಿದೆ. ಬೀಜಗಳು ಓಡಿಹೋಗುವುದಿಲ್ಲ. 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಅಳಿಯ ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡ ಕೂಡಲೇ ವಿಜಯನಗರದ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಮಂದಿ ಇನ್ನೂ ಇದ್ದರು, ಪಡೆ ಇರಲಿಲ್ಲ. ಈ ಕತೆ ಕೇಳಿ ಹುಡುಗ ಅಡುಗೆಮನೆಗೆ ಹೋಗಿ ಕುಂಕುಮ ತಂದ. ಎರಡೂ ಕಡೆ ಒಂದೊಂದು ಬೀಜಕ್ಕೆ ಬೊಟ್ಟಿಟ್ಟು "ಇವ ರಾಜಾ. ಇವ ಸತ್ರ ಅರ್ಧಾ ಮಂದಿ ಓಡಿ ಹೋಗಬೇಕು" ಎಂದು ನಿಯಮ ಮಾಡಿದ. ಕಣ್ಣು ಮುಚ್ಚಿ ಬೀಜ ಎತ್ತುವುದು. ನನ್ನ ರಾಜ ಮೊದಲ ಸುತ್ತಿನಲ್ಲೇ ಹೋದ. ಬಯಲಿನಲ್ಲಿ ನಾನು ಸೋತದ್ದು ಅದೇ ಮೊದಲು.